93 ನಿಮಿಷದ ಪಂಚಾಂಗ

ಅರಸೀಕೆರೆ, ಬೇಲೂರು, ಹಳೇಬೀಡು ಮೂರೂ ಭೂಮಧ್ಯರೇಖೆಯಿಂದ ಉತ್ತರಕ್ಕೆ 13 ಡಿಗ್ರಿ ಚಿಲ್ಲರೆಯಲ್ಲಿವೆ. ಇಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 54 ನಿಮಿಷ, ಡಿಸೆಂಬರ್ 21ರ ಹಗಲು 11 ಗಂಟೆ 21 ನಿಮಿಷ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಸಣ್ಣ ಹಗಲಿಗೂ ಇರುವ ಅಂತರ ಬರೀ 93 ನಿಮಿಷ. ಅದನ್ನು ಆರು ತಿಂಗಳಿಗೆ ಹಂಚಿದರೆ ದಿನಕ್ಕೆ ಅರ್ಧ ನಿಮಿಷ. ಗಡಿಯಾರ ಕಟ್ಟಿಕೊಂಡ ನಮಗೇ ಅದು ಅರಿವಿಗೆ ಬರುವುದಿಲ್ಲ. ಆದರೆ ಹಕ್ಕಿಗಳ ಬಗೆಗಿನ ಪುಸ್ತಕಗಳೆಲ್ಲ ಹೇಳುವುದು, ಗೂಡು ಕಟ್ಟುವ ಕಾಲವನ್ನು ಹಕ್ಕಿ ತಿಳಿಯುವುದು ಮೊದಲಿಗೆ ಹಗಲಿನ ಉದ್ದದಿಂದ ಎಂದು.

ಹಾಗಿದ್ದ ಮೇಲೆ ಕಾರ್ತಿಕದಲ್ಲೋ ಮಾಘದ ಚಳಿಯಲ್ಲೋ ಈ ಸೀಮೆಯ ಕೆರೆಯಂಗಳದಲ್ಲಿ ಮೊಟ್ಟೆ ಕಂಡಾಗ 'ಇದೇನು ಅಕಾಲದಲ್ಲಿ' ಎಂದು ಹುಬ್ಬೇರಿಸುವುದು ಸಹಜ. ನನಗೆ ಅಚ್ಚರಿಯೆನಿಸುವುದು ಇನ್ನೊಂದು. ಅರ್ಧ ನಿಮಿಷದ ಲೆಕ್ಕ ಇಟ್ಟುಕೊಂಡು ಸಕಾಲದಲ್ಲಿ ಮೊಟ್ಟೆಯಿಡುವ ಹಕ್ಕಿ ಒಂದಾದರೂ ಇಲ್ಲಿ ಹೇಗಿದೆ ಎಂಬುದು.

ಬೆಳಕಿನ ಲೆಕ್ಕ ಮೊದಲು ಸಿಕ್ಕಿದ್ದು ಕೆನಡಾದ ಎಡ್ಮಂಟನ್‌ನಲ್ಲಿ. ಅಲ್ಲಿ ಬೇಸಿಗೆಯ ಹಗಲು 17 ಗಂಟೆ, ಚಳಿಗಾಲದ್ದು ಏಳೂವರೆ ಗಂಟೆ. ಒಂಬತ್ತೂವರೆ ಗಂಟೆಯ ಆ ಅಂತರವನ್ನು ಕುರುಡನೂ ಗುರುತಿಸಿಯಾನು. 1920ರ ದಶಕದಲ್ಲಿ ವಿಲಿಯಂ ರೋವನ್ ಎಂಬ ಪ್ರಾಣಿಶಾಸ್ತ್ರಜ್ಞ ಜುಂಕೊ ಎಂಬ ಗುಬ್ಬಿಗಾತ್ರದ ವಲಸೆ ಹಕ್ಕಿಗಳನ್ನು ಹಿಡಿದು, ಬಯಲಿನಲ್ಲೇ ಕಟ್ಟಿದ ಪಂಜರದಲ್ಲಿಟ್ಟ. ಸಂಜೆಯಾದ ಮೇಲೆ ವಿದ್ಯುತ್ ದೀಪ ಹಚ್ಚಿ, ದಿನದಿನವೂ ಕೆಲವೇ ನಿಮಿಷ ಹಗಲನ್ನು ಹಿಗ್ಗಿಸುತ್ತ ಹೋದ. ಹೊರಗೆ ಸೊನ್ನೆಗಿಂತ ಹತ್ತಾರು ಡಿಗ್ರಿ ಕೆಳಗಿನ ಚಳಿ, ಸುತ್ತ ಹಿಮ. ನಡುಚಳಿಗಾಲದಲ್ಲಿ ಹಕ್ಕಿಗಳ ಹೊಟ್ಟೆ ಸೀಳಿ ನೋಡಿದರೆ ವೃಷಣ, ಅಂಡಾಶಯಗಳು ವಸಂತದಲ್ಲಿ ಇರಬೇಕಾದಷ್ಟು ಬೆಳೆದಿದ್ದವು. ಚಳಿ ಲೆಕ್ಕಕ್ಕೇ ಬರಲಿಲ್ಲ, ಬಲ್ಬಿನ ಮಾತನ್ನು ಹಕ್ಕಿ ನಂಬಿತ್ತು.

ಆ ಬೆಳಕನ್ನು ಹಕ್ಕಿ ಕಣ್ಣಿನಿಂದ ಅಳೆಯುತ್ತದೆ ಎಂದುಕೊಂಡರೆ ಅದೂ ಸುಳ್ಳು. ಫ್ರಾನ್ಸಿನ ಝಾಕ್ ಬೆನ್ವಾ 1930ರ ದಶಕದಲ್ಲೇ ಬಾತುಗಳಲ್ಲಿ ತೋರಿಸಿದ್ದನ್ನು, ಅಮೆರಿಕದ ಮೈಕೆಲ್ ಮೆನಕರ್ 1970ರ ಸುಮಾರಿಗೆ ನಮ್ಮ ಮನೆಯಂಗಳದ ಗುಬ್ಬಚ್ಚಿಯ ಜಾತಿಯಲ್ಲೇ ಖಚಿತಪಡಿಸಿದ. ಕಣ್ಣಿಲ್ಲದ ಗುಬ್ಬಚ್ಚಿಯ ನೆತ್ತಿಯ ಚರ್ಮದಡಿ ಕಪ್ಪು ಶಾಯಿ ತುಂಬಿದರೆ ವೃಷಣ ಬೆಳೆಯುವುದಿಲ್ಲ, ನೆತ್ತಿಯ ಪುಕ್ಕ ಕಿತ್ತು ಬೋಳು ಮಾಡಿದರೆ ಬೆಳೆಯುತ್ತದೆ. ಬೆಳಕು ತಲೆಬುರುಡೆಯನ್ನು ಹಾದು ನೇರವಾಗಿ ಮಿದುಳಿಗೆ ತಲುಪುತ್ತದೆ. ಪ್ರಯೋಗದ ಕ್ರೌರ್ಯ ಓದುವಾಗ ಮೈ ಝುಮ್ಮೆನ್ನುತ್ತದೆ. ಆದರೂ ಗುಬ್ಬಚ್ಚಿ ತಲೆಯ ಮೇಲೆ ಬಿದ್ದ ಬಿಸಿಲನ್ನು ತಲೆಯೊಳಗೇ ಅಳೆದುಕೊಳ್ಳುತ್ತದೆ ಎಂಬ ಸಂಗತಿ ಗೊತ್ತಾದದ್ದು ಹೀಗೆಯೇ.

ಇದೆಲ್ಲ ಉತ್ತರದ ಕಥೆ. ನಮ್ಮಂಥ ಉಷ್ಣವಲಯದಲ್ಲಿ ಹಗಲು ಹಿಗ್ಗುವುದು ಕುಗ್ಗುವುದು ಎಷ್ಟು ಕಡಿಮೆಯೆಂದರೆ, ಇಲ್ಲಿನ ಹಕ್ಕಿಗಳಿಗೆ ಅದು ಉಪಯೋಗಕ್ಕೇ ಬರದು ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1998ರಲ್ಲಿ ಮಿಶೇಲಾ ಹೌ ಮತ್ತು ಸಂಗಡಿಗರು ಪನಾಮಾ ಕಾಡಿನ ಇರುವೆಹಕ್ಕಿಯೊಂದರ ಮೇಲೆ ಪ್ರಯೋಗ ಮಾಡಿದರು. 9 ಡಿಗ್ರಿ ಉತ್ತರದ ಆ ಕಾಡಿನಲ್ಲಿ ವರ್ಷವಿಡೀ ಹಗಲು ಬದಲಾಗುವುದೇ ಒಂದು ಗಂಟೆಯಷ್ಟು. ಕೃತಕ ಹಗಲನ್ನು ಬರೀ 17 ನಿಮಿಷ ಹೆಚ್ಚಿಸಿದ್ದಕ್ಕೇ ಹಕ್ಕಿಯ ವೃಷಣ ಬೆಳೆಯತೊಡಗಿತು. ಹಳೇಬೀಡಿನಲ್ಲಿ ಯುಗಾದಿಯ ಆಸುಪಾಸಿನಲ್ಲಿ ಹಗಲು 17 ನಿಮಿಷ ಹಿಗ್ಗಲು ಒಂದು ತಿಂಗಳೂ ಬೇಡ. ಅಂದಮೇಲೆ 93 ನಿಮಿಷದ ಪಂಚಾಂಗವನ್ನು ಓದುವ ಶಕ್ತಿ ನಮ್ಮ ಪಿಕಳಾರ, ಮಡಿವಾಳಗಳಿಗೆ ಇದ್ದರೆ ಆಶ್ಚರ್ಯವಿಲ್ಲ. ಪಂಚಾಂಗ ನೋಡುವುದು ಬೇರೆ, ಅದರಂತೆ ಮುಹೂರ್ತ ಇಡುವುದು ಬೇರೆ.

ಹಕ್ಕಿ ಇಷ್ಟೊಂದು ಲೆಕ್ಕಾಚಾರ ಮಾಡುವುದಕ್ಕೆ ಕಾರಣ ಮೊಟ್ಟೆಯ ದುಬಾರಿತನ. ಹಾರುವ ಜೀವಕ್ಕೆ ಒಂದೊಂದು ಗ್ರಾಂ ತೂಕವೂ ಹೊರೆ. ಅದಕ್ಕೇ ಹೆಚ್ಚಿನ ಹಕ್ಕಿಗಳು ಕಾಲ ಮುಗಿದ ಕೂಡಲೇ ಸಂತಾನದ ಅಂಗಗಳನ್ನೇ ಕರಗಿಸಿಬಿಡುತ್ತವೆ. ಗಂಡು ಗುಬ್ಬಚ್ಚಿಯ ವೃಷಣ ಬಿಡುವಿನ ತಿಂಗಳುಗಳಲ್ಲಿ ಒಂದು ಮಿಲಿಮೀಟರ್ ಆಸುಪಾಸು. ಕಾಲ ಬಂದಾಗ ಎಂಟು ಹತ್ತು ಮಿಲಿಮೀಟರ್. ಗಾತ್ರದಲ್ಲಿ ನೂರಾರು ಪಟ್ಟು. ಹೆಣ್ಣಿನ ಲೆಕ್ಕ ಇನ್ನೂ ಭಾರಿ. ಮೂವತ್ತು ಗ್ರಾಂ ಒಳಗಿನ ಹೆಣ್ಣು ಗುಬ್ಬಚ್ಚಿ ತನ್ನ ತೂಕದ ಹತ್ತನೇ ಒಂದು ಭಾಗದಷ್ಟಿರುವ ಮೊಟ್ಟೆಯನ್ನು ದಿನಕ್ಕೊಂದರಂತೆ ನಾಲ್ಕು ದಿನ ಇಡುತ್ತದೆ. ಅರವತ್ತು ಕಿಲೋ ತೂಕದ ಹೆಂಗಸು ನಾಲ್ಕು ದಿನ ಬೆಳಗ್ಗೆ ಎದ್ದು ಆರಾರು ಕಿಲೋ ಮಗು ಹೆತ್ತ ಹಾಗೆ.

ಚಿಪ್ಪಿನ ಖರ್ಚು ಕೋಳಿಯಲ್ಲಿ ಚೆನ್ನಾಗಿ ಅಳೆದಿದ್ದಾರೆ. ಒಂದು ಮೊಟ್ಟೆಯ ಚಿಪ್ಪಿಗೆ ಎರಡು ಗ್ರಾಂಗೂ ಹೆಚ್ಚು ಸುಣ್ಣದಂಶ ಬೇಕು. ಕೋಳಿಯ ಮೈಯೆಲ್ಲ ಹರಿಯುವ ರಕ್ತದಲ್ಲಿ ಒಮ್ಮೆಗೆ ಇರುವುದು ಅದರ ನೂರರಲ್ಲಿ ಒಂದು ಭಾಗದಷ್ಟು ಮಾತ್ರ. ಚಿಪ್ಪು ಕಟ್ಟುವ ಹೊತ್ತಿನಲ್ಲಿ ಪ್ರತಿ 12 ನಿಮಿಷಕ್ಕೊಮ್ಮೆ ರಕ್ತದ ಸುಣ್ಣವೆಲ್ಲ ಖಾಲಿಯಾಗಿ ಮತ್ತೆ ತುಂಬಬೇಕು. ಅದರಲ್ಲೊಂದು ಪಾಲು ಕೋಳಿಯ ಎಲುಬಿನಿಂದಲೇ ಬರುತ್ತದೆ. ಅಂಥ ಚಿಪ್ಪಿನಲ್ಲಿ ಸುಮಾರು ಹತ್ತು ಸಾವಿರ ಸೂಕ್ಷ್ಮ ರಂಧ್ರಗಳು. ಅವುಗಳ ಮೂಲಕ 21 ದಿನದಲ್ಲಿ ಒಂದು ಮೊಟ್ಟೆ ಆರು ಲೀಟರ್ ಆಮ್ಲಜನಕ ಒಳಗೆಳೆದುಕೊಂಡು ನಾಲ್ಕೂವರೆ ಲೀಟರ್ ಇಂಗಾಲದ ಡೈಆಕ್ಸೈಡನ್ನೂ 11 ಲೀಟರ್ ನೀರಾವಿಯನ್ನೂ ಹೊರಬಿಡುತ್ತದೆ. ಗಾಳಿ ಅತಿಯಾಗಿ ಒಣಗಿದ್ದರೆ ಮೊಟ್ಟೆಯೂ ಅತಿಯಾಗಿ ಒಣಗುತ್ತದೆ, ತೇವ ಅತಿಯಾದರೆ ಆವಿ ಹೊರಹೋಗದು. ಕಾಲ ತಪ್ಪಿದರೆ ಮರಿಯ ಊಟಕ್ಕೆ ಮಾತ್ರವಲ್ಲ, ಉಸಿರಿಗೇ ಸಂಚಕಾರ.

ಇನ್ನು ಮಳೆಯ ಮಾತು. ಅರಸೀಕೆರೆಯಲ್ಲಿ ವರ್ಷಕ್ಕೆ ಬೀಳುವುದು ಸುಮಾರು 700 ಮಿಲಿಮೀಟರ್. ಪಶ್ಚಿಮಕ್ಕೆ ಹೋದಂತೆ ಏರುತ್ತ, ಬೇಲೂರು ದಾಟಿ ಸಕಲೇಶಪುರ ಸೇರುವಷ್ಟರಲ್ಲಿ ಮೂರು ಪಟ್ಟಾಗುತ್ತದೆ. ಒಂದೇ ಜಿಲ್ಲೆಯೊಳಗೆ, ಬಸ್ಸಿನಲ್ಲಿ ಕೂತರೆ ಮಧ್ಯಾಹ್ನದೊಳಗೆ ಮುಗಿಯುವ ದೂರದಲ್ಲಿ, ಇಷ್ಟೂ ನಡೆದುಹೋಗುತ್ತದೆ. ಸಾಲದ್ದಕ್ಕೆ ಮಳೆ ಬೀಳುವ ತಿಂಗಳೂ ಬೇರೆ. ಬೇಲೂರಿನ ಕಡೆ ಆರಿದ್ರ, ಪುನರ್ವಸು, ಪುಷ್ಯ ಮಳೆಗಳದ್ದೇ ದರಬಾರು. ಅರಸೀಕೆರೆಗೆ ಮುಂಗಾರಿನ ಮೋಡ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ, ಅಲ್ಲಿ ಜನ ಕಾಯುವುದು ಭರಣಿ, ಕೃತ್ತಿಕೆಗಳನ್ನು, ಆಮೇಲೆ ಹಸ್ತ, ಚಿತ್ತೆಗಳನ್ನು. ಒಂದೊಂದು ನಕ್ಷತ್ರದ ಮಳೆಗೆ ಹದಿಮೂರು ಹದಿನಾಲ್ಕು ದಿನ. ಬಿತ್ತನೆ ಯಾವಾಗ ಎಂದು ಕೇಳಿದರೆ ಇಲ್ಲಿನ ರೈತ ತಿಂಗಳ ಹೆಸರು ಹೇಳುವುದಿಲ್ಲ, ಮಳೆಯ ಹೆಸರು ಹೇಳುತ್ತಾನೆ. ಹಕ್ಕಿಯ ಪಂಚಾಂಗವೂ ಇದೇ ಎಂಬುದು ನನ್ನ ವಾದ. ಬೆಳಕು ಅದಕ್ಕೆ 'ಸಿದ್ಧವಾಗಿರು' ಎನ್ನುತ್ತದೆ, 'ಕಟ್ಟು' ಎನ್ನುವುದು ಮಳೆ.

ಒಂದು ಹದಮಳೆ, ಅಂದರೆ ಒಂದು ಇಂಚು, ಒಂದು ಎಕರೆ ಹೊಲದ ಮೇಲೆ ಸುರಿಯುವ ನೀರು ಒಂದು ಲಕ್ಷ ಲೀಟರ್. ಆ ರಾತ್ರಿಯೇ ರೆಕ್ಕೆ ಬಂದ ಗೆದ್ದಲು ಹುಳಗಳು ನೆಲದಿಂದ ಹೊಗೆಯಂತೆ ಏಳುತ್ತವೆ. ವಾರದೊಳಗೆ ಹುಲ್ಲು, ಎರಡು ವಾರದೊಳಗೆ ಕಂಬಳಿಹುಳ. ಅದು ಏಪ್ರಿಲ್‌ನಲ್ಲಿ ಬಿದ್ದ ಮಳೆಯೋ ನವೆಂಬರಿನದೋ ಎಂದು ಹುಳವೂ ಕೇಳುವುದಿಲ್ಲ, ಅದನ್ನು ಹಿಡಿದು ಮರಿಗೆ ತಿನ್ನಿಸುವ ಹಕ್ಕಿಯೂ ಕೇಳುವುದಿಲ್ಲ.

ಗೀಜಗ ನಿಯಮಿತ ಪಂಚಾಂಗದ ಹಕ್ಕಿ, ಮಳೆಗಾಲದ್ದು. ಒಂದು ಗೂಡಿಗೆ ಗಂಡು ಸುಮಾರು 500 ಸಲ ಓಡಾಡಿ, ಇಪ್ಪತ್ತರಿಂದ ಅರವತ್ತು ಸೆಂಟಿಮೀಟರ್ ಉದ್ದದ ಎಳೆಗಳನ್ನು ಸೀಳಿ ತರುತ್ತದೆ. ತೆಂಗಿನ ಸೀಮೆಯಾದ ಅರಸೀಕೆರೆಯಲ್ಲಿ ಗರಿಯ ತುದಿಯೇ ಅದಕ್ಕೆ ತೊಲೆ. ಮಳೆಗಾಲ ಮುಗಿದು ಡಿಸೆಂಬರಿನಲ್ಲಿ ಅದೇ ಗೂಡಿನ ಬಾಯಲ್ಲಿ ಹಕ್ಕಿಯೊಂದು ತೂರುವುದು ಕಂಡರೆ ಗೀಜಗವೇ ಮತ್ತೆ ಮರಿ ಮಾಡುತ್ತಿದೆ ಎಂದು ಹೇಳಬೇಡಿ. ಬಹುಮಟ್ಟಿಗೆ ಅದು ಬಿಳಿ ರಾಟವಾಳ, ಬಾಡಿಗೆಯಿಲ್ಲದ ಮನೆಗೆ ಬಂದದ್ದು. ಅದಕ್ಕೆ ಚಳಿಗಾಲವೇ ಸಕಾಲ. ಹುಲ್ಲು ಬಲಿತು ಬೀಜ ಉದುರುವ, ರಾಗಿ ಕೊಯ್ದು ಕಣಕ್ಕೆ ಬರುವ ತಿಂಗಳುಗಳು. ಒಂದು ಗ್ರಾಂ ರಾಗಿಯಲ್ಲಿ ನಾನೂರರ ಹತ್ತಿರ ಕಾಳುಗಳಿರುತ್ತವೆ. ಹನ್ನೊಂದು ಹನ್ನೆರಡು ಗ್ರಾಂ ತೂಗುವ ಹಕ್ಕಿಗೆ ಒಂದು ಹೊಲದ ಕೂಳೆಯೇ ಅಕ್ಷಯಪಾತ್ರೆ. ಒಂದೇ ಗೂಡು, ಒಂದೇ ಗರಿ, ಆರು ತಿಂಗಳ ಅಂತರದಲ್ಲಿ ಎರಡು ಜಾತಿಯ ಎರಡು ಸಕಾಲಗಳು.

ಕೆರೆಯ ಹಕ್ಕಿಗಳ ಲೆಕ್ಕಕ್ಕೆ ಆಕಾಶದಷ್ಟೇ ಮನುಷ್ಯನೂ ಕಾರಣ. ಕರ್ನಾಟಕದಲ್ಲಿ ಸುಮಾರು 36 ಸಾವಿರ ಕೆರೆಗಳಿವೆ. ಹಳೇಬೀಡಿನ ದೋರಸಮುದ್ರ ಕೆರೆಗೆ ಹೊಯ್ಸಳರ ಕಾಲದ ಲೆಕ್ಕ, ಬೇಲೂರಿನ ಯಗಚಿ ಜಲಾಶಯ ಮೊನ್ನೆ ಮೊನ್ನೆಯದು. ಕೆರೆಯಲ್ಲಿ ನೀರು ನಿಂತಿದ್ದರೆ ಗುಳುಮುಳುಕನಿಗೆ ತಿಂಗಳ ಹಂಗಿಲ್ಲ. ಅದರ ಗೂಡನ್ನು ದಡದಿಂದ ದುರ್ಬೀನಿನಲ್ಲಿ ನೋಡಬೇಕು. ಜೊಂಡಿನ ನಡುವೆ ಕೊಳೆತ ಪಾಚಿಯ ಒಂದು ಗುಪ್ಪೆ, ಅರ್ಧ ಮುಳುಗಿ ಅರ್ಧ ತೇಲುತ್ತಿರುತ್ತದೆ. ನೆರಳು ಸುಳಿದದ್ದೇ ತಡ, ಹಕ್ಕಿ ಎದ್ದು ಕೊಕ್ಕಿನಿಂದ ಎಡಕ್ಕೆರಡು ಬಲಕ್ಕೆರಡು ಸಲ ಒದ್ದೆ ಕಳೆ ಎಳೆದು ಮೊಟ್ಟೆಗಳ ಮೇಲೆ ಮುಚ್ಚಿ, ಸದ್ದಿಲ್ಲದೆ ನೀರಿಗಿಳಿಯುತ್ತದೆ. ಇಟ್ಟಾಗ ಬೆಳ್ಳಗಿದ್ದ ಮೊಟ್ಟೆ ಆ ಕೊಳೆಯಲ್ಲಿ ಕೆಲವೇ ದಿನಕ್ಕೆ ಕಂದಾಗಿ ಕಳೆಯೊಳಗೇ ಕಳೆದುಹೋಗುತ್ತದೆ. ಇಪ್ಪತ್ತು ದಿನ ಹೀಗೆ ಮುಚ್ಚುವುದು, ತೆರೆಯುವುದು. ಈ ಇಪ್ಪತ್ತು ದಿನದಲ್ಲಿ ತೂಬೆತ್ತಿದರೆ ಗೂಡು ಕೆಸರಿಗೆ ಕೂರುತ್ತದೆ, ನಾಯಿ ನಡೆದು ಬರುತ್ತದೆ. ಮಳೆ ನೋಡಿ ಕಾಲ ನಿರ್ಣಯಿಸಲು ಕಲಿತ ಹಕ್ಕಿಗೆ ನೀರಗಂಟಿಯ ಮನಸ್ಸನ್ನು ಓದಲು ಯಾರೂ ಕಲಿಸಿಲ್ಲ.

ಟಿಟ್ಟಿಭದ ಪಾಡು ಇದಕ್ಕೆ ವಿರುದ್ಧ, ಅದಕ್ಕೆ ಬತ್ತಿದ ಅಂಗಳ ಬೇಕು. ಬರೀ ನೆಲದ ಮೇಲೆ ನಾಲ್ಕು ಮೊಟ್ಟೆ, 28ರಿಂದ 30 ದಿನ ಕಾವು. ಏಪ್ರಿಲ್ ಬಿಸಿಲಿನಲ್ಲಿ ಕಾವು ಕೊಡುವುದಲ್ಲ, ಕಾವು ತಪ್ಪಿಸುವುದೇ ಕೆಲಸ. ತಂದೆತಾಯಿ ಸರದಿಯ ಮೇಲೆ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ.

ಹಾಗಾದರೆ 'ಕಾಲ' ಎಂದು ಪುಸ್ತಕದಲ್ಲಿ ಬರೆದದ್ದು ಯಾರು? ಬಹುಪಾಲು ಮೊಟ್ಟೆ ಕದ್ದವರು. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬನಾದ ಎ.ಒ. ಹ್ಯೂಮ್ 1885ರಲ್ಲಿ ಲಂಡನ್ನಿನ ಮ್ಯೂಸಿಯಂಗೆ ಕೊಟ್ಟ ಹಕ್ಕಿ, ಗೂಡು, ಮೊಟ್ಟೆಗಳ ಸಂಗ್ರಹ 80 ಸಾವಿರ ದಾಟಿತ್ತು. ಅಸ್ಸಾಮಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಸ್ಟುವರ್ಟ್ ಬೇಕರ್ ಒಬ್ಬನೇ ಕೂಡಿಟ್ಟ ಮೊಟ್ಟೆಗಳು ಸುಮಾರು 50 ಸಾವಿರ. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ಕಾಲದ ಕೋಷ್ಟಕ ಬಹುಮಟ್ಟಿಗೆ ತಯಾರಾಗಿತ್ತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಸುಮಾರು 29 ಡಿಗ್ರಿ ಅಕ್ಷಾಂಶಗಳ ಮೊಟ್ಟೆಗಳನ್ನು ಒಟ್ಟಿಗೆ ಹಾಕಿ 'ಮಾರ್ಚಿಯಿಂದ ಆಗಸ್ಟ್' ಎಂದು ಒಂದು ಸಾಲು ಬರೆದರೆ, ಅದು ಯಾವ ಊರಿನ ಹಕ್ಕಿಗೂ ಪೂರ್ತಿ ಹೊಂದದ ಸರಾಸರಿ. ಆ ಸರಾಸರಿಯ ಹೊರಗೆ ಸಿಕ್ಕ ಗೂಡನ್ನು ಅಕಾಲದ್ದು ಎನ್ನುತ್ತೇವೆ.

ಬಣ್ಣದ ಕೊಕ್ಕರೆಯನ್ನೇ ನೋಡಿ. ಉತ್ತರ ಭಾರತದಲ್ಲಿ ಅದು ಗೂಡು ಕಟ್ಟಲು ತೊಡಗುವುದು ಆಗಸ್ಟಿನಲ್ಲಿ. ದಕ್ಷಿಣದಲ್ಲಿ ಅಕ್ಟೋಬರಿನಿಂದ ಫೆಬ್ರವರಿವರೆಗೆ ಯಾವಾಗಲಾದರೂ. ಮದ್ದೂರು ತಾಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಊರ ನಡುವಿನ ಹುಣಸೆ, ಆಲದ ಮರಗಳ ಮೇಲೆ ಹೆಜ್ಜಾರ್ಲೆಗಳೂ ಇವೂ ಚಳಿಗಾಲದಲ್ಲಿ ಬಂದಿಳಿದು, ಕೆರೆಗಳೆಲ್ಲ ಬತ್ತುವ ಹೊತ್ತಿನಲ್ಲಿ ಮರಿ ಸಾಕುತ್ತವೆ. ಮೇಲುನೋಟಕ್ಕೆ ಹುಚ್ಚು. ಆದರೆ ನೀರು ಕುಗ್ಗಿದಷ್ಟೂ ಮೀನು ಒತ್ತೊತ್ತಾಗಿ ಸಿಗುತ್ತದೆ. ಮಳೆಗೆ ಹುಳ ಏಳುವುದನ್ನು ಕಾಯುವ ಹಕ್ಕಿಗೂ ಬರಕ್ಕೆ ಮೀನು ಸೇರುವುದನ್ನು ಕಾಯುವ ಹಕ್ಕಿಗೂ ಲೆಕ್ಕ ಒಂದೇ. ಮರಿಯ ಹಸಿವು ಅತಿ ಹೆಚ್ಚಿರುವ ವಾರ ಊಟವೂ ಅತಿ ಹೆಚ್ಚಿರಬೇಕು.

ಈ ಲೆಕ್ಕವನ್ನೇ ಹರಿದೆಸೆದ ಹಕ್ಕಿ ಹಳೇ ಗುಡಿಗೋಪುರಗಳಲ್ಲೆಲ್ಲ ಗುಟುರು ಹಾಕುತ್ತ ಕೂತಿರುವ ಪಾರಿವಾಳ. ಹಳೇಬೀಡಿನ ಹೊಯ್ಸಳೇಶ್ವರನ ಗುಡಿಗೋಡೆಯ ಪಟ್ಟಿಕೆಗಳಲ್ಲಿ ಕೆಳಗೆ ಆನೆಯ ಸಾಲು, ಮೇಲೆ ಹಂಸದ ಸಾಲು. ಕಲ್ಲಿನ ಹಂಸಕ್ಕೆ ಕಾಲವಿಲ್ಲ, ಪಾರಿವಾಳಕ್ಕೂ ಇಲ್ಲ. ಎರಡು ಮೊಟ್ಟೆ, 17ರಿಂದ 19 ದಿನ ಕಾವು, ತಿಂಗಳೊಪ್ಪತ್ತಿಗೆ ಮರಿ ಹಾರಿತು, ಮತ್ತೆರಡು ಮೊಟ್ಟೆ. ವರ್ಷಕ್ಕೆ ಐದಾರು ಸಲ. ಅದಕ್ಕೆ ಸಾಧ್ಯವಾಗುವುದು ಮರಿಗೆ ಹುಳ ಬೇಡವಾದ್ದರಿಂದ. ಮೊದಲ ದಿನಗಳಲ್ಲಿ ಗಂಡೂ ಹೆಣ್ಣೂ ಎರಡೂ ಗಂಟಲಚೀಲದ ಒಳಪದರದಿಂದ ಗಿಣ್ಣಿನಂಥ ಹಾಲು ಸುರಿಸುತ್ತವೆ. ಹಳದಿ ಕೂದಲಿನ ಕುರುಡು ಮರಿ ತಂದೆಯ ಬಾಯೊಳಗೆ ಕೊಕ್ಕನ್ನು ಬುಡದವರೆಗೆ ತೂರಿಸಿ, ಎರಡೂ ತಲೆ ಒಟ್ಟಿಗೆ ಪಂಪು ಹೊಡೆದಂತೆ ಮೇಲೆ ಕೆಳಗೆ ಆಡುತ್ತವೆ. ಹುಟ್ಟಿದ ಎರಡೇ ದಿನದಲ್ಲಿ ಮರಿಯ ತೂಕ ಇಮ್ಮಡಿ. ದೊಡ್ಡವು ತಿನ್ನುವ ಕಾಳೇ ಹಾಲಾಗುವಾಗ ಋತುವಿಗೆ ಏಕೆ ಕಾಯಬೇಕು? ಬೆಳವಗಳದ್ದೂ ಇದೇ ಸಂಸಾರ. ವರ್ಷದ ಯಾವ ತಿಂಗಳಲ್ಲಿ ಅವುಗಳ ಮೊಟ್ಟೆ ಕಂಡರೂ ಅದನ್ನು ಅಕಾಲವೆಂದು ಬರೆದುಕೊಳ್ಳುವ ಶ್ರಮ ಬೇಡ.

ಮಳೆಯನ್ನೇ ನಂಬಿದ ಹಕ್ಕಿಯ ಪರಾಕಾಷ್ಠೆ ನೋಡಬೇಕಾದರೆ ಆಸ್ಟ್ರೇಲಿಯಾಕ್ಕೆ ಹೋಗಬೇಕು. ಅಲ್ಲಿನ ಪಟ್ಟೆಯೆದೆಯ ಮೆಟ್ಟುಗಾಲು ಹಕ್ಕಿಗಳು ಕಡಲಂಚಿನಲ್ಲಿ ಬದುಕುತ್ತ ವರ್ಷಗಟ್ಟಲೆ ಕಾಯುತ್ತವೆ. ನಡುನಾಡಿನ ಮರುಭೂಮಿಯ ಉಪ್ಪುಕೆರೆಗೆ ಅಪರೂಪಕ್ಕೆ ಮಳೆ ಬಿದ್ದರೆ, ಸಾವಿರಾರು ಕಿಲೋಮೀಟರ್ ಆಚೆ ಇದ್ದರೂ ಹೊರಟುಬಿಡುತ್ತವೆ. ಉಪಗ್ರಹದ ಪಟ್ಟಿ ಕಟ್ಟಿದ ಒಂದು ಹಕ್ಕಿ ಎರಡೂವರೆ ದಿನದಲ್ಲಿ 2,200 ಕಿಲೋಮೀಟರ್ ಹಾರಿದ್ದು 2014ರಲ್ಲಿ ಪ್ರಕಟವಾಯಿತು. ಬೆಂಗಳೂರಿನಿಂದ ದೆಹಲಿಗೆ ರಸ್ತೆಯಲ್ಲಿ ಹೋದಷ್ಟು. ಹೋದ ಹೆಣ್ಣು ತನ್ನ ತೂಕದ ಅರ್ಧಕ್ಕೂ ಹೆಚ್ಚು ತೂಗುವ ಮೊಟ್ಟೆಗಳನ್ನು ಇಡುತ್ತದೆ. ಅಲ್ಲಿ ಮಳೆ ಬಂತೆಂದು ಕಡಲಂಚಿನಲ್ಲಿರುವ ಹಕ್ಕಿಗೆ ಹೇಗೆ ಗೊತ್ತಾಯಿತೋ ದೇವರಿಗೇ ಗೊತ್ತು.

ಬ್ರಿಟನ್ನಿನಲ್ಲಿ ಬೆಳಕಿನ ಪಂಚಾಂಗವೂ ಅಲುಗಾಡಿದೆ. ಹಂಫ್ರಿ ಕ್ರಿಕ್ ಮತ್ತು ಸಂಗಡಿಗರು 1997ರಲ್ಲಿ 65 ಜಾತಿಗಳ 74,258 ಗೂಡುಗಳ ದಾಖಲೆ ಜಾಲಾಡಿ, 1971ರಿಂದ 1995ರೊಳಗೆ 20 ಜಾತಿಗಳು ಸರಾಸರಿ 8.8 ದಿನ ಮೊದಲೇ ಮೊಟ್ಟೆಯಿಡತೊಡಗಿದ್ದನ್ನು ತೋರಿಸಿದರು. ಕಾರಣ ಬಿಸಿಯೇರಿದ ವಸಂತ. ಅಲ್ಲಿ ಒಂಬತ್ತು ದಿನ ಸುದ್ದಿಯಾಗುತ್ತದೆ. ಅರಸೀಕೆರೆಯಲ್ಲಿ ಹದಮಳೆ ಒಂದು ನಕ್ಷತ್ರ ತಪ್ಪಿ ಮುಂದಿನದಕ್ಕೆ ಬಿದ್ದರೇ ಹದಿಮೂರು ದಿನ ಹೋಯಿತು, ಅದು ಪ್ರತಿ ವರ್ಷದ ಮಾತು. ಇಲ್ಲಿನ ಹಕ್ಕಿಯ ವಂಶಕ್ಕೆ ಆ ಅಭ್ಯಾಸ ಹಳೆಯದು. ಪಿಕಳಾರಕ್ಕೆ ಎರಡು ಮೂರೇ ಮೊಟ್ಟೆ, ಕಾವಿನಿಂದ ಹಾರುವವರೆಗೆ ಎಲ್ಲ ಸೇರಿ ಒಂದು ತಿಂಗಳೂ ಇಲ್ಲ. ಹಾವು, ಓತಿಕ್ಯಾತ, ಕೆಂಬೂತ ಯಾವುದಾದರೊಂದು ಗೂಡು ಬರಿದು ಮಾಡಿದರೆ ಪಕ್ಕದ ಪೊದೆಯಲ್ಲಿ ಮತ್ತೆ ಶುರು. ಹತ್ತು ಮೊಟ್ಟೆಯನ್ನು ಒಂದೇ ಸಲ ಪಣಕ್ಕಿಡುವುದು ಚಳಿನಾಡಿನ ಹಕ್ಕಿಯ ರೀತಿ.

ಭೂಮಿಯ ಮೇಲೆ ಅತಿ ಹೆಚ್ಚು ಅಕಾಲದ ಮೊಟ್ಟೆ ಇಡುವ ಹಕ್ಕಿ ಮಾತ್ರ ಕಾಡಿನಲ್ಲಿಲ್ಲ. ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು. ಅದರ ಸಂತತಿಯಾದ ಫಾರಂ ಕೋಳಿ 300 ದಾಟಿಸುತ್ತದೆ. 2023-24ರಲ್ಲಿ ಭಾರತದ ಮೊಟ್ಟೆ ಉತ್ಪಾದನೆ 14,277 ಕೋಟಿ, ಅಂದರೆ ಸೆಕೆಂಡಿಗೆ ನಾಲ್ಕೂವರೆ ಸಾವಿರ. ಕೋಳಿಶೆಡ್ಡಿನಲ್ಲಿ ರಾತ್ರಿ ಉರಿಯುವ, ಹಗಲನ್ನು 16 ಗಂಟೆಗೆ ಎಳೆಯುವ ಬಲ್ಬು ಎಡ್ಮಂಟನ್ನಿನ ರೋವನ್ ಹಚ್ಚಿದ ಬಲ್ಬೇ. ಬಲ್ಬಿಗೂ ಮೊದಲೇ ಇನ್ನೊಂದು ಕೈಚಳಕ ನಡೆದಿತ್ತು. ಹಗಲಿನ ಉದ್ದವನ್ನು ಸಂತಾನಕ್ಕೆ ಜೋಡಿಸುವ ದಾರಿಯಲ್ಲಿ ಥೈರಾಯ್ಡಿಗೆ ಸಂಬಂಧಪಟ್ಟ ಒಂದು ವಂಶವಾಹಿಯಿದೆ. ಸಾಕುಕೋಳಿಗಳಲ್ಲೆಲ್ಲ ಅದು ಬದಲಾಗಿರುವುದನ್ನು ಸ್ವೀಡನ್ನಿನ ವಿಜ್ಞಾನಿಗಳು 2010ರಲ್ಲಿ ಕಂಡರು. ಋತುವಿನ ಕಟ್ಟು ಸಡಿಲಗೊಳಿಸಿದ್ದು ಅದೇ ಇರಬೇಕೆಂಬುದು ಅವರ ಊಹೆ. ಯುರೋಪಿನ ಹಳೆಯ ಕೋಳಿಮೂಳೆಗಳ ಪ್ರಕಾರ ಆ ಬದಲಾವಣೆ ಹರಡತೊಡಗಿ ಸುಮಾರು 1,100 ವರ್ಷ, ಅಂದರೆ ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ 1117ಕ್ಕೆ ಸುಮಾರು ಇನ್ನೂರು ವರ್ಷ ಹಿಂದೆ.

ಆ ಫಾರಂ ಕೋಳಿಯ ಕಾಲಿನ ಹಳದಿ ಮಾತ್ರ ಕೆಂಪು ಕಾಡುಕೋಳಿಯಿಂದ ಬಂದದ್ದಲ್ಲ. ಅದು ಪಶ್ಚಿಮಘಟ್ಟದ ನಮ್ಮ ಬೂದು ಕಾಡುಕೋಳಿಯ ವಂಶವಾಹಿ ಎಂದು 2008ರಲ್ಲಿ ಗೊತ್ತಾಯಿತು. ಸಕಲೇಶಪುರದ ಕಡೆಯ ಕಾಡಂಚಿನಲ್ಲಿ ಬೆಳಗ್ಗೆ ಕೂಗುವುದು ಅದೇ. ಅದರ ಹೇಂಟೆ ಈಗಲೂ ಫೆಬ್ರವರಿಯಿಂದ ಮೇ ತಿಂಗಳ ನಡುವೆ, ತರಗೆಲೆಯ ಮೇಲೆ, ನಾಲ್ಕರಿಂದ ಏಳು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ.